ಇಲಿ ಬಿದ್ದ ಮನೆಯ ಸುದ್ದಿ

ನಮ್ಮ ಕಡೆಯ ಹಳೆಯ ತಲೆಮಾರಿನ ಹೆಂಗಸರ ಬಾಯಲ್ಲಿ ಒಂದು ಮಾತಿತ್ತು. ‘ಅವರ ಮನ್ಯಾಗ ಇಲಿ ಬಿದ್ದಾವಂತ.’ ಇಂದಿನವರಿಗೆ ಇದು ನೀರಿನ ತೊಟ್ಟಿಗೋ ಹಿಟ್ಟಿನ ಡಬ್ಬಿಗೋ ಇಲಿ ಬಿದ್ದ ಸಂಗತಿಯೆಂದು ತೋರಬಹುದು. ಅಂದಿನವರಿಗೆ ಅದು ಎದೆ ನಡುಗಿಸುವ ಸುದ್ದಿ. ಇಲಿಯೊಂದು ಮನುಷ್ಯರ ಭಯವಿಲ್ಲದೆ ತೂರಾಡುತ್ತ ಬಂದು ಹಾಡಹಗಲೇ ಅಡಿಗೆಮನೆಯ ನಡುವೆ ಬಿದ್ದು ಸತ್ತಿತೆಂದರೆ, ಊರೊಳಗೆ ಪ್ಲೇಗು ಕಾಲಿಟ್ಟಿತೆಂದೇ ಅರ್ಥ.

ಆ ಇಲಿಯನ್ನು ಮೊದಲು ಕಂಡವರು ಯಾರು? ವೈದ್ಯರಲ್ಲ, ಅಧಿಕಾರಿಗಳಲ್ಲ, ಮನೆಯ ಗಂಡಸರೂ ಅಲ್ಲ. ನಸುಕಿನಲ್ಲಿ ಒಲೆ ಸಾರಿಸಲು ಹೋದವಳು, ಅಟ್ಟದಿಂದ ಕಟ್ಟಿಗೆ ಇಳಿಸಿದವಳು, ಕಾಳಿನ ಗುಡಾಣಕ್ಕೆ ಕೈ ಹಾಕಿದವಳು. ಕೂಸಿನ ಮೈ ಸುಡುವುದನ್ನೂ, ಅದರ ಕಂಕುಳಲ್ಲಿ ಗಡ್ಡೆ ಎದ್ದದ್ದನ್ನೂ ಮೊದಲು ಮುಟ್ಟಿ ತಿಳಿದವಳು ಅವಳೇ. ಆ ಸುದ್ದಿಯನ್ನು ಅವಳು ಯಾರಿಗೆ ಹೇಳಿದಳು, ಯಾರಿಗೆ ಹೇಳಲಿಲ್ಲ, ಏಕೆ ಹೇಳಲಿಲ್ಲ? ಪ್ಲೇಗಿನ ಇತಿಹಾಸವನ್ನು ಓದುವಾಗಲೆಲ್ಲ ನನ್ನನ್ನು ಕಾಡಿದ ಪ್ರಶ್ನೆ ಇದು. ಸರಕಾರದ ಕಟ್ಟುಪಾಡುಗಳನ್ನು ಜನ ಪಾಲಿಸಿದರೇ ಇಲ್ಲವೇ ಎಂಬ ದೊಡ್ಡ ಮಾತು ಕೊನೆಗೆ ಬಂದು ನಿಲ್ಲುವುದು ಅವಳ ಬಾಯಿ ತೆರೆಯಿತೇ ಇಲ್ಲವೇ ಎಂಬಲ್ಲಿಯೇ.

1896ರ ಸೆಪ್ಟೆಂಬರಿನಲ್ಲಿ ಮುಂಬೈಯ ಮಾಂಡವಿ ಎಂಬಲ್ಲಿ ವೈದ್ಯರಾದ ಅಕೇಸಿಯೊ ವಿಯೇಗಸ್ ಅವರು ರೋಗಿಯೊಬ್ಬರ ಮೈಮೇಲಿನ ಗಡ್ಡೆ ನೋಡಿ ಇದು ಪ್ಲೇಗು ಎಂದು ಗುರುತಿಸಿದರು. ಮಾಂಡವಿ ಎಂದರೆ ಬಂದರಿನ ಪಕ್ಕದ ದವಸದ ಗೋದಾಮುಗಳ ಕೇರಿ. ಸುದ್ದಿ ಹಬ್ಬಿದ್ದೇ ತಡ, ಯುರೋಪಿನ ದೇಶಗಳು ಬೆದರಿದವು. 1897ರ ಆರಂಭದಲ್ಲಿ ವೆನಿಸ್ ನಗರದಲ್ಲಿ ಸಮ್ಮೇಳನ ಸೇರಿ, ಭಾರತದ ಹಡಗು, ಸರಕು, ಯಾತ್ರಿಕರನ್ನು ತಡೆಯುವ ಮಾತನಾಡಿದವು. ವ್ಯಾಪಾರ ನಿಂತೀತೆಂಬ ಅಂಜಿಕೆ ಸರಕಾರಕ್ಕೆ ಹತ್ತಿತು. ಅದೇ 1897ರ ಫೆಬ್ರುವರಿ 4ರಂದು ಸಾಂಕ್ರಾಮಿಕ ರೋಗಗಳ ಕಾಯಿದೆ ಹೊರಬಂತು. ನಾಲ್ಕೇ ಕಲಮುಗಳ ಪುಟ್ಟ ಕಾಯಿದೆ. ಸರಕಾರ ತನಗೆ ಅವಶ್ಯವೆಂದು ಕಂಡ ಯಾವ ಕ್ರಮವನ್ನಾದರೂ ಕೈಗೊಳ್ಳಬಹುದು ಎಂದು ಒಂದು ಕಲಮು; ಪಾಲಿಸದವರಿಗೆ ಶಿಕ್ಷೆ ಎಂದು ಇನ್ನೊಂದು; ಸದುದ್ದೇಶದಿಂದ ಕೆಲಸ ಮಾಡಿದ ಅಧಿಕಾರಿಯ ಮೇಲೆ ಯಾರೂ ದಾವೆ ಹೂಡುವಂತಿಲ್ಲ ಎಂದು ಮತ್ತೊಂದು. ಯಾರ ಮನೆಯ ಬಾಗಿಲು ತೆರೆಸುತ್ತಾರೋ ಆ ಮನೆಯವರ ರಕ್ಷಣೆಗೆ ಒಂದು ಸಾಲೂ ಇರಲಿಲ್ಲ.

ಜನರ ಮನಸ್ಸಾದರೂ ಹೇಗಿತ್ತು? 1896 ಮತ್ತು 1897 ದಖ್ಖನಿನಲ್ಲಿ ಘೋರ ಬರದ ವರ್ಷಗಳು. ಹೊಲ ಒಣಗಿದಾಗ ಕಂದಾಯ ಕೇಳಲು ಬಂದ ಸರಕಾರವೇ ಈಗ ನಿಮ್ಮ ಆರೋಗ್ಯದ ಚಿಂತೆ ನಮಗಿದೆ ಎಂದು ಬಾಗಿಲಿಗೆ ಬಂದು ನಿಂತಿತು. ನಂಬುವುದು ಹೇಗೆ? ಹೀಗಾಗಿ ಗಾಳಿಸುದ್ದಿಗಳು ಹುಟ್ಟಿದವು. ಮುಂಬೈಯಲ್ಲಿ ಯಾರೋ ವಿಕ್ಟೋರಿಯಾ ರಾಣಿಯ ವಿಗ್ರಹಕ್ಕೆ ಡಾಂಬರು ಬಳಿದಿದ್ದರು. ಅದರ ಸಿಟ್ಟಿಗೆ ರಾಣಿ ಮನುಷ್ಯರ ಗುಂಡಿಗೆಗಳನ್ನು ಕೇಳಿದ್ದಾಳೆ, ಆಸ್ಪತ್ರೆಗೆ ಒಯ್ದವರ ಎದೆ ಬಗೆದು ಕಳಿಸುತ್ತಾರೆ ಎಂದು ಜನ ಆಡಿಕೊಂಡರು. ಓದಿದವರು ನಕ್ಕಿರಬಹುದು. ಆದರೆ ಆಸ್ಪತ್ರೆಗೆ ಹೋದವರಲ್ಲಿ ಹೆಚ್ಚಿನವರು ಮರಳಿ ಬರುತ್ತಿರಲಿಲ್ಲ ಎಂಬುದನ್ನು ಜನ ಕಣ್ಣಾರೆ ಕಂಡಿದ್ದರು. 1896ರ ಅಕ್ಟೋಬರಿನಲ್ಲಿ ಗಿರಣಿ ಕಾರ್ಮಿಕರ ಗುಂಪೊಂದು ಆರ್ಥರ್ ರಸ್ತೆಯ ಆಸ್ಪತ್ರೆಗೇ ನುಗ್ಗಿತು.

ಪುಣೆಯ ಕಥೆ ಇನ್ನೂ ಕಹಿಯಾದುದು. 1897ರ ಮಾರ್ಚ್ 10ರಂದು ಆ ಊರಿನಲ್ಲಿ ಸಾವಿತ್ರಿಬಾಯಿ ಫುಲೆ ತೀರಿಕೊಂಡರು. ಮಗ ಯಶವಂತ ಊರ ಹೊರಗೆ ನಡೆಸುತ್ತಿದ್ದ ಚಿಕಿತ್ಸಾಲಯಕ್ಕೆ ಪ್ಲೇಗು ತಗುಲಿದ ಹುಡುಗನೊಬ್ಬನನ್ನು ತಾವೇ ಹೊತ್ತು ತಂದು, ಅದೇ ರೋಗ ಹತ್ತಿ ಸತ್ತರು. ಅದೇ ತಿಂಗಳು ಅದೇ ಊರಿನಲ್ಲಿ ಪ್ಲೇಗ್ ಸಮಿತಿಯ ಅಧ್ಯಕ್ಷ ವಾಲ್ಟರ್ ಚಾರ್ಲ್ಸ್ ರ‍್ಯಾಂಡ್ ಮನೆ ಮನೆಯ ಶೋಧ ಆರಂಭಿಸಿದ. ಕೆಲಸಕ್ಕೆ ಇಳಿಸಿದ್ದು ಸುಮಾರು 900 ಸಿಪಾಯಿಗಳನ್ನು, ಅವರಲ್ಲಿ ಬಹಳಷ್ಟು ಜನ ಗೋರಾ ಸೋಲ್ಜರುಗಳು. ಅವರು ಅಡಿಗೆಮನೆ, ದೇವರಮನೆ, ಬಾಣಂತಿಯ ಕೋಣೆ ಯಾವುದನ್ನೂ ಬಿಡಲಿಲ್ಲ. ಜ್ವರ ಬಂದವರು ಆಸ್ಪತ್ರೆಗೆ, ಉಳಿದವರು ಪ್ರತ್ಯೇಕ ಛಾವಣಿಗೆ, ಹಾಸಿಗೆ ಅರಿವೆಗಳು ಬೆಂಕಿಗೆ. ನೆಲ ಅಗೆದು, ಗೋಡೆಗೆ ಸುಣ್ಣ ಬಳಿದು ಹೋದರೆ ಆ ದಿನದ ಕೆಲಸ ಮುಗಿಯಿತು. ಪ್ಲೇಗಿನ ಗಡ್ಡೆ ಏಳುವುದು ಕಂಕುಳಲ್ಲಿ, ತೊಡೆಯ ಸಂದಿಯಲ್ಲಿ. ಅದನ್ನು ನೋಡಬೇಕೆಂದರೆ ಏನಾಗುತ್ತದೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಪರಗಂಡಸಿನ ಎದುರು ಸೆರಗು ಸರಿಸದೆ ಬದುಕಿದ ಹೆಣ್ಣುಮಕ್ಕಳನ್ನು ಅಂಗಳದಲ್ಲಿ, ರೈಲು ನಿಲ್ದಾಣಗಳಲ್ಲಿ ನಿಲ್ಲಿಸಿದರು.

ಹೆಂಗಸರ ಮಾನಕ್ಕೆ ಬೇಕೆಂದು ಕುಂದು ತಂದ ಬಗ್ಗೆ ನಂಬತಕ್ಕ ದೂರು ಒಂದೂ ಬರಲಿಲ್ಲ, ಇದು ಸಮಿತಿಗೆ ಸಮಾಧಾನದ ವಿಷಯ ಎಂಬರ್ಥದ ಮಾತು ರ‍್ಯಾಂಡನ ವರದಿಯಲ್ಲಿದೆ. ಈ ‘ನಂಬತಕ್ಕ’ ಎಂಬ ಮಾತಿನ ಮೇಲೆ ನನ್ನ ಕಣ್ಣು ನಿಂತುಬಿಡುತ್ತದೆ. ದೂರು ಕೊಡುವವಳು ಯಾರು? ಕೊಟ್ಟರೆ ಊರ ಬಾಯಲ್ಲಿ ಅವಳ ಗತಿಯೇನು?

ಒಬ್ಬಾಕೆ ಮಾತ್ರ ಬಾಯಿ ತೆರೆದರು. ಪಂಡಿತಾ ರಮಾಬಾಯಿ. ಇವರು ನಮ್ಮ ನೆಲದ ಮಗಳು. ಕಾರ್ಕಳದ ಕಡೆಯ ಮಾಳದವರಾದ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ನೆರೆಯವರ ವಿರೋಧ ಕಟ್ಟಿಕೊಂಡು ಗಂಗಾಮೂಲದ ಕಾಡು ಸೇರಿದ್ದರು. ಅಲ್ಲಿ 1858ರಲ್ಲಿ ಹುಟ್ಟಿದ ಕೂಸು ಇವರು. ಬರದಲ್ಲಿ ಅನಾಥರಾದ ಹುಡುಗಿಯರನ್ನು, ವಿಧವೆಯರನ್ನು ಕರೆತಂದು ಸಾಕುತ್ತಿದ್ದರು. ಪ್ಲೇಗಿನ ಆಸ್ಪತ್ರೆಗೆ ಒಯ್ದ ತಮ್ಮ ಹುಡುಗಿಯೊಬ್ಬಳಿಗೆ ಅಲ್ಲಿ ರಕ್ಷಣೆ ಸಿಗಲಿಲ್ಲವೆಂದು ಅವರು 1897ರಲ್ಲಿ ‘ಬಾಂಬೆ ಗಾರ್ಡಿಯನ್’ ಪತ್ರಿಕೆಗೆ ಬರೆದರು. ಸರಕಾರ ಅದನ್ನು ಅಲ್ಲಗಳೆಯಿತು. ಅದೇ ವರ್ಷ ಇಂಗ್ಲೆಂಡಿನಲ್ಲಿದ್ದ ಗೋಪಾಲಕೃಷ್ಣ ಗೋಖಲೆ, ಪುಣೆಯ ಮಿತ್ರರ ಪತ್ರಗಳನ್ನು ನಂಬಿ, ಹೆಂಗಸರ ಮೇಲಾದ ಅತ್ಯಾಚಾರದ ಮಾತನ್ನು ಅಲ್ಲಿ ಬಹಿರಂಗವಾಗಿ ಹೇಳಿದರು. ಮರಳಿ ಬಂದಾಗ ಆ ಪತ್ರ ಬರೆದವರು ಯಾರೂ ಹೆಸರು ಕೊಟ್ಟು ಮುಂದೆ ಬರಲಿಲ್ಲ. ಸಾಕ್ಷಿಯಿಲ್ಲದೆ ಗೋಖಲೆಯವರು ಕ್ಷಮೆ ಕೇಳಬೇಕಾಯಿತು. ದಾಖಲೆಯಲ್ಲಿ ಕ್ಷಮಾಪಣೆ ಉಳಿಯಿತು. ಹೆಂಗಸರು ಹಿತ್ತಲ ಬಾಗಿಲಲ್ಲಿ ಪಿಸುಗುಟ್ಟಿಕೊಂಡದ್ದು ದಾಖಲೆಗೆ ಸೇರಲಿಲ್ಲ.

1897ರ ಜೂನ್ 22, ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದ ರಾತ್ರಿ, ಚಾಪೇಕರ ಸಹೋದರರು ರ‍್ಯಾಂಡನಿಗೆ ಗುಂಡು ಹೊಡೆದರು. ಅವನ ಜತೆಗೆ ಆಯರ್ಸ್ಟ್ ಎಂಬ ಸೇನಾಧಿಕಾರಿಯೂ ಸತ್ತ. ಲೋಕಮಾನ್ಯ ತಿಲಕರು ‘ಕೇಸರಿ’ಯ ಬರಹಗಳಿಗಾಗಿ ಜೈಲಿಗೆ ಹೋದರು. ಶಾಲೆಯ ಪುಸ್ತಕಗಳಲ್ಲಿ ನಾವು ಓದಿದ್ದು ಇಷ್ಟು. ಆದರೆ ಒಳಗಿನ ಕಥೆ ಇನ್ನೊಂದು. ಶೋಧ ಬಿಗಿಯಾದಷ್ಟೂ ಜನ ರೋಗಿಗಳನ್ನು ಅಟ್ಟದ ಮೇಲೆ, ಹಿತ್ತಲಲ್ಲಿ, ನೆಂಟರ ಊರುಗಳಲ್ಲಿ ಬಚ್ಚಿಟ್ಟರು. ಜ್ವರದ ಮೈಯನ್ನೇ ಎಬ್ಬಿಸಿ ಗೋಡೆಗೆ ಒರಗಿಸಿ ಕೂರಿಸಿದರು. ರಾತ್ರೋರಾತ್ರಿ ಹೆಣ ಸಾಗಿಸಿದರು. ನೆಂಟರ ಊರಿಗೆ ಹೋದ ಗಂಟಿನೊಳಗೆ ಪ್ಲೇಗೂ ಹೋಯಿತು. ರೋಗ ತಡೆಯಲೆಂದು ಬಂದ ಬಲಾತ್ಕಾರವೇ ಹೀಗೆ ರೋಗಕ್ಕೆ ದಾರಿ ಮಾಡಿಕೊಟ್ಟಿತು.

ಬಚ್ಚಿಟ್ಟವರು ಅಜ್ಞಾನಿಗಳು ಎಂದು ಅಂದಿನ ಅಧಿಕಾರಿಗಳು ಬರೆದರು. ಹಾಗೆನ್ನಲು ನನಗೆ ಬಾಯಿ ಬರುವುದಿಲ್ಲ. ಏಕೆಂದರೆ ಪ್ಲೇಗು ಹೇಗೆ ಹರಡುತ್ತದೆಂಬುದು ಅಧಿಕಾರಿಗಳಿಗೂ ತಿಳಿದಿರಲಿಲ್ಲ. ಇಲಿಯ ಮೈಮೇಲಿನ ಚಿಗಟ ಕಚ್ಚಿ ರೋಗ ಬರುತ್ತದೆಂದು ಪಾಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಪ್ರಯೋಗ ಮಾಡಿ ಕಂಡುಕೊಂಡದ್ದು 1898ರಲ್ಲಿ. ಅದನ್ನು ಎಲ್ಲರೂ ಒಪ್ಪಲು ಮತ್ತೆ ಹತ್ತು ವರ್ಷ ಹಿಡಿಯಿತು. ಗಡ್ಡೆಯ ಪ್ಲೇಗು ಮನುಷ್ಯನಿಂದ ಮನುಷ್ಯನಿಗೆ ನೇರವಾಗಿ ಹರಡುವುದು ಅಪರೂಪ. ಹಾಗಿದ್ದರೆ ತಾಯಿಯ ಮಗ್ಗುಲಿಂದ ಕೂಸನ್ನು ಎಳೆದೊಯ್ದದ್ದರಿಂದ ಎಷ್ಟು ಜೀವ ಉಳಿದಿರಬಹುದು? ನೆಲ ಅಗೆದು ಔಷಧ ಸುರಿದಾಗ ಇಲಿಗಳು ಪಕ್ಕದ ಮನೆಗೆ ಓಡಿಹೋದವು, ಚಿಗಟಗಳನ್ನೂ ಹೊತ್ತುಕೊಂಡು.

ಆದರೆ ಜನರಿಗೆ ಒಂದು ಸಂಗತಿ ಗೊತ್ತಿತ್ತು. ಇಲಿ ಬಿದ್ದರೆ ಮನೆ ಬಿಡಬೇಕು. ನಮ್ಮ ಆಯಿ, ಅಂದರೆ ನನ್ನ ತಾಯಿಯ ತಾಯಿ, ಈ ಮಾತನ್ನು ನೂರು ಸಲ ಹೇಳಿದ್ದಾಳೆ. ‘ಸರಕಾರದ ಹುಕುಂ ಬರೂತನಕ ಯಾರ ಕಾಯತಿದ್ರವಾ? ಇಲಿ ಬಿದ್ದೂ ಅಂದ್ರ ಗಂಟು ಕಟ್ಟಿ ಹೊಲಾ ಸೇರೂದ. ಮನಿಗೆ ಬೀಗಾ ಹಾಕಲಿಕ್ಕೂ ಪುರಸೊತ್ತಿಲ್ಲ. ಕಳ್ಳರೂ ಬರತಿದ್ದಿಲ್ಲ, ಅವರಿಗೂ ಜೀವದ ಮ್ಯಾಲೆ ಆಶಾ ಇರತಿತ್ತು.’ ಹೊಲದಲ್ಲಿ ಜೋಳದ ಕಣಿಕೆ, ತಟ್ಟಿ ಕಟ್ಟಿ ಜೋಪಡಿ. ಮೂರು ಕಲ್ಲಿನ ಒಲೆ. ಬೆಳದಿಂಗಳಲ್ಲಿ ಬೀಸುವ ಕಲ್ಲು. ತಿಂಗಳೆರಡು ತಿಂಗಳು ಅಲ್ಲಿಯೇ ಸಂಸಾರ. ಬಸುರು ಬಾಣಂತನಗಳೂ ಅಲ್ಲಿಯೇ.

ಆಯಿ ತನ್ನ ಅತ್ತೆಯ ಕಾಲದ ಇನ್ನೊಂದು ಸಂಗತಿ ಹೇಳುತ್ತಿದ್ದಳು. ಓಣಿಯ ಸೊಸೆಯೊಬ್ಬಳ ಕೂಸಿಗೆ ಜ್ವರ. ಪಾಟೀಲನಿಗೆ ತಿಳಿದರೆ ಒಯ್ದುಬಿಡುತ್ತಾರೆಂದು ಅವಳು ಅದನ್ನು ಅಟ್ಟದ ಮೇಲೆ ಮಲಗಿಸಿದಳು. ಗಂಡನಿಗೂ ಹೇಳಲಿಲ್ಲ. ಹೇಳಿದ್ದು ಸೂಲಗಿತ್ತಿಗೆ ಮಾತ್ರ. ಸೂಲಗಿತ್ತಿ ಯಾರ ಹೆಸರನ್ನೂ ಎತ್ತಲಿಲ್ಲ. ಮನೆ ಮನೆಯ ಹಿತ್ತಲಿಗೆ ಹೋಗಿ, ‘ಈ ಓಣಿ ಗಾಳಿ ಚಲೋ ಇಲ್ಲವಾ, ಹುಡುಗರ್ನ ಕರಕೊಂಡು ಹೊಲಕ್ಕ ನಡೀರಿ’ ಎಂದಳು. ಮಾರನೆಯ ಹೊತ್ತಿಗೆ ಓಣಿ ಬರಿದಾಗಿತ್ತು. ಆ ಕೂಸು ಉಳಿಯಲಿಲ್ಲ. ಆದರೆ ಓಣಿ ಉಳಿಯಿತು ಎನ್ನುತ್ತಿದ್ದಳು ಆಯಿ. ಪಾಟೀಲನ ಡಂಗುರಕ್ಕೆ ಅಲುಗದ ಓಣಿ ಸೂಲಗಿತ್ತಿಯ ಒಂದು ಮಾತಿಗೆ ಎದ್ದು ನಡೆಯಿತು. ಆಕೆ ಆ ಓಣಿಯ ಎಲ್ಲ ಮಕ್ಕಳನ್ನೂ ಕೈಯಲ್ಲಿ ಹಿಡಿದವಳು. ಅವಳ ಮಾತಿನಲ್ಲಿ ತಮ್ಮ ಕೇಡು ಇರಲಾರದೆಂದು ಹೆಂಗಸರಿಗೆ ಗೊತ್ತಿತ್ತು.

ಭೈರಪ್ಪನವರ ‘ಗೃಹಭಂಗ’ ಓದಿದವರಿಗೆ ಊರು ಬಿಟ್ಟು ಶೆಡ್ಡುಗಳಲ್ಲಿ ಬದುಕಿದ ಆ ದಿನಗಳೂ, ನಂಜಮ್ಮನ ಮಕ್ಕಳನ್ನು ಪ್ಲೇಗು ಒಯ್ದದ್ದೂ ನೆನಪಿರುತ್ತದೆ. ಹಳೆಯ ಮೈಸೂರಿನ ಸೀಮೆಯಲ್ಲೂ ‘ಊರು ಬಿಡುವುದು’ ಎಂಬ ಮಾತಿಗೆ ಈ ಅರ್ಥ ಅಂಟಿಕೊಂಡಿತ್ತು. ಮುಂದೆ ಸರಕಾರವೇ ಊರು ಖಾಲಿ ಮಾಡಿಸುವುದನ್ನು ಒಳ್ಳೆಯ ಉಪಾಯವೆಂದು ಒಪ್ಪಿಕೊಂಡಿತು. ಮೊದಲೇ ಕೇಳಿದ್ದರೆ ಯಾವ ಮುದುಕಿಯಾದರೂ ಹೇಳುತ್ತಿದ್ದಳು.

ಬ್ರಿಟಿಷರು ಪರಕೀಯರು, ಹಾಗಾಗಿ ಜನ ನಂಬಲಿಲ್ಲ ಎಂದು ಕೈತೊಳೆದುಕೊಳ್ಳುವಂತೆಯೂ ಇಲ್ಲ. 1898ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರಿಗೆ ಬಂತು. ಆಗ ಮೈಸೂರನ್ನು ಆಳುತ್ತಿದ್ದವರು ನಮ್ಮವರೇ, ಅದರಲ್ಲೂ ಹೆಂಗಸು, ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿಯವರು. ಶೇಷಾದ್ರಿ ಅಯ್ಯರ್ ದಿವಾನರು, ವಿ. ಪಿ. ಮಾಧವರಾವ್ ಪ್ಲೇಗ್ ಕಮಿಷನರು. ಆದರೂ ಅದೇ ವರ್ಷದ ನವೆಂಬರಿನಲ್ಲಿ ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಪ್ಲೇಗಿನ ಕಟ್ಟಳೆಗಳ ವಿರುದ್ಧ ಜನ ದಂಗೆಯೆದ್ದರು, ಗುಂಡು ಹಾರಿತು. ಬೆಂಗಳೂರಿನವರು ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. ಆ ಗುಡಿಗಳಲ್ಲಿ ಕೆಲವು ಇಂದಿಗೂ ಇವೆ. ಆಳುವವರು ಯಾವ ಬಣ್ಣದವರು ಎಂಬುದಕ್ಕಿಂತ, ಬಾಗಿಲಿಗೆ ಬಂದವನು ಹೇಗೆ ಬಂದ ಎಂಬುದು ಜನರಿಗೆ ಮುಖ್ಯವಾಗಿತ್ತು.

ಇನ್ನು ನಮ್ಮ ಹುಬ್ಬಳ್ಳಿಯ ಕಥೆ. ಆಗ ಅದು ಮುಂಬೈ ಇಲಾಖೆಯ ಊರು. ರೈಲ್ವೆ ಕಾರ್ಖಾನೆ, ಹತ್ತಿಯ ಪೇಟೆ, ಅರ್ಧ ಲಕ್ಷದಷ್ಟು ಜನ. 1898ರ ಮಳೆಗಾಲದಲ್ಲಿ ಪ್ಲೇಗು ಊರನ್ನು ನುಂಗತೊಡಗಿತು. ಮುಂಬೈಯಲ್ಲಿ ಹಾಫ್ಕಿನ್ ಎಂಬ ವಿಜ್ಞಾನಿ ಚುಚ್ಚುಮದ್ದು ತಯಾರಿಸಿ 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಕೊಂಡು ನೋಡಿದ್ದ. ಹುಬ್ಬಳ್ಳಿಯಲ್ಲಿ ಲ್ಯೂಮನ್ ಎಂಬ ಸೇನಾ ವೈದ್ಯ ಆ ಮದ್ದನ್ನು ಹಾಕಲು ನಿಂತ. ಮಳೆಗಾಲ ಮುಗಿಯುವಷ್ಟರಲ್ಲಿ ಊರಿನಲ್ಲಿದ್ದ ಬಹುಪಾಲು ಜನ ಮದ್ದು ಹಾಕಿಸಿಕೊಂಡಿದ್ದರು. ದೇಶದಲ್ಲಿ ಇಷ್ಟು ದೊಡ್ಡ ಪ್ರಮಾಣದಲ್ಲಿ ಈ ಕೆಲಸ ನಡೆದ ಮೊದಲ ಊರುಗಳಲ್ಲಿ ನಮ್ಮದೂ ಒಂದು. ಧಾರವಾಡದ ಸೀಮೆಯಲ್ಲಿ ಆಲಿಸ್ ಕಾರ್ತಾರ್ನ್ ಎಂಬ ಡಾಕ್ಟರಮ್ಮ ಇದೇ ಕೆಲಸ ಮಾಡಿದರು. ಹೆಂಗಸಿನ ತೋಳು ಹಿಡಿಯಲು ಹೆಂಗಸೇ ಬಂದಾಗ ಎಷ್ಟು ಮನೆಯ ಬಾಗಿಲುಗಳು ತೆರೆದಿರಬೇಕೆಂದು ನಾವು ಊಹಿಸಬಹುದು.

ಹುಬ್ಬಳ್ಳಿಯವರು ಸರಕಾರವನ್ನು ಒಮ್ಮೆಲೇ ನಂಬಿಬಿಟ್ಟರೆಂದು ಇದರ ಅರ್ಥವಲ್ಲ. ಮದ್ದು ಹಾಕಿಸಿಕೊಂಡವರಿಗೆ ಚೀಟಿ ಸಿಗುತ್ತಿತ್ತು. ಚೀಟಿ ಇದ್ದವರಿಗೆ ಛಾವಣಿಯ ಕಾಟ ತಪ್ಪುತ್ತಿತ್ತು. ಜನ ಲೆಕ್ಕ ಹಾಕಿದರು: ಒಂದು ದಿನದ ಜ್ವರ, ತೋಳಿನ ನೋವು ಹೆಚ್ಚೋ, ಮನೆ ಮಠ ಬಿಟ್ಟು ಛಾವಣಿಯಲ್ಲಿ ಕೂರುವುದು ಹೆಚ್ಚೋ? ಮದ್ದು ಹಾಕಿಸಿಕೊಂಡವರ ಮನೆಯಲ್ಲಿ ಸಾವು ಕಡಿಮೆಯಾದದ್ದನ್ನು ನೆರೆಯವರು ಕಂಡರು. ಕಂಡದ್ದನ್ನು ನಂಬಿದರು. ಆ ನಂಬಿಕೆ ಎಷ್ಟು ನಾಜೂಕಾದುದೆಂದು ಮುಂದೆ ಗೊತ್ತಾಯಿತು. 1902ರಲ್ಲಿ ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ ಕಲುಷಿತವಾದ ಒಂದು ಸೀಸೆಯ ಮದ್ದಿನಿಂದ 19 ಜನ ಧನುರ್ವಾಯುವಾಗಿ ಸತ್ತರು. ತಪ್ಪು ಹಾಫ್ಕಿನ್‌ನದಲ್ಲವೆಂದು ತೀರ್ಮಾನವಾಗಲು ಐದು ವರ್ಷ ಹಿಡಿಯಿತು. ಅಷ್ಟರಲ್ಲಿ ಲಕ್ಷಾಂತರ ಜನ ಪ್ಲೇಗಿನಿಂದ ಸತ್ತಿದ್ದರು.

2020ರ ಮಾರ್ಚಿನಲ್ಲಿ ಕರೋನಾ ಬಂದಾಗ ದೇಶದ ಅನೇಕ ರಾಜ್ಯಗಳು ಪೆಟ್ಟಿಗೆಯಿಂದ ತೆಗೆದದ್ದು ಅದೇ 1897ರ ಕಾಯಿದೆಯನ್ನು. ನಮ್ಮ ರಾಜ್ಯವೂ ಅದರ ಅಡಿಯಲ್ಲಿಯೇ ಮೊದಲ ನಿಯಮಗಳನ್ನು ಹೊರಡಿಸಿತು. ಮಾರ್ಚ್ 24ರ ರಾತ್ರಿ ಎಂಟಕ್ಕೆ ಮಾತು, ಹನ್ನೆರಡಕ್ಕೆ ದೇಶಕ್ಕೆಲ್ಲ ಬೀಗ. ಹೊರಗಿನಿಂದ ಬಂದವರ ಕೈಗೆ ಮುದ್ರೆ ಒತ್ತಿದರು, ಬಾಗಿಲಿಗೆ ನೋಟೀಸು ಅಂಟಿಸಿದರು. ಮುಂಬೈಯಲ್ಲಿ ಪ್ಲೇಗಿನ ಕಾಲದಲ್ಲಿ ವಾಸಕ್ಕೆ ಯೋಗ್ಯವಲ್ಲದ ಮನೆ ಎಂದು ಗೋಡೆಯ ಮೇಲೆ ‘ಯು. ಎಚ್. ಎಚ್.’ ಎಂದು ಬರೆಯುತ್ತಿದ್ದುದು ನನಗೆ ನೆನಪಾಯಿತು. ನೋಟೀಸು ಬಿದ್ದ ಮನೆಗೆ ಹಾಲಿನವನು ಬರಲಿಲ್ಲ, ಕೆಲಸದವಳು ಬರಲಿಲ್ಲ. ನಮ್ಮ ಬಡಾವಣೆಯಲ್ಲಿ ಮಗನಿಗೆ ಜ್ವರ ಬಂದರೆ ತಾಯಂದಿರು ಔಷಧದ ಅಂಗಡಿಯಲ್ಲಿ ‘ನನಗ ಮೈಕೈ ನೋವು’ ಎಂದು ಹೇಳಿ ಗುಳಿಗೆ ತಂದರು. ಅಟ್ಟದ ಮೇಲೆ ಕೂಸನ್ನು ಮಲಗಿಸಿದ ಸೊಸೆಯ ಭಯವೇ ಇದು. ಬಾಗಿಲಿಗೆ ನೋಟೀಸು ಅಂಟಿಸುವುದು ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2020ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ರೋಗದ ಮೊದಲ ಅಲೆಯೇ ಇಳಿಯುತ್ತ ಬಂದಿತ್ತು.

ಹಾಗೆಂದು ನಿರ್ಬಂಧಗಳೇ ಬೇಡವಾಗಿತ್ತೆಂದು ನಾನು ಹೇಳುತ್ತಿಲ್ಲ. ಗಾಳಿಯಲ್ಲಿ ಹರಡುವ ರೋಗಕ್ಕೆ ಅಂತರ ಬೇಕು, ಮುಖಕ್ಕೆ ಮುಸುಕು ಬೇಕು, ಲಸಿಕೆಯೂ ಬೇಕು. ನನ್ನ ಮಾತು ಇಷ್ಟೇ. ಸರಕಾರವನ್ನು ಜನ ನಂಬುವುದಿಲ್ಲ ಎಂದು ಎಲ್ಲರೂ ದೂರುತ್ತಾರೆ. ಸರಕಾರ ಜನರನ್ನು ನಂಬಿತೇ ಎಂದು ಕೇಳುವವರು ಕಡಿಮೆ. ಇಲಿ ಬಿದ್ದ ಸುದ್ದಿ ತಂದವಳಿಗೆ ಶಿಕ್ಷೆ ಕಾದಿದ್ದರೆ ಅವಳು ಸುದ್ದಿ ತರುವುದಿಲ್ಲ. ಅವಳು ತರದಿದ್ದರೆ 900 ಸಿಪಾಯಿಗಳಿಗೂ ಅದು ಸಿಗುವುದಿಲ್ಲ.

ಕರೋನಾದ ದಿನಗಳಲ್ಲಿ ಈ ಸುದ್ದಿ ತರುವ ಕೆಲಸಕ್ಕೆ ಬಾಗಿಲು ಬಾಗಿಲಿಗೆ ಹೋದವರು ಆಶಾ ಕಾರ್ಯಕರ್ತೆಯರು. ಬೆಂಗಳೂರಿನಲ್ಲಿ 2020ರ ಏಪ್ರಿಲಿನಲ್ಲಿ ಸಮೀಕ್ಷೆಗೆ ಹೋದ ಆಶಾಗಳ ಮೇಲೆ ಹಲ್ಲೆಯೂ ಆಯಿತು. ಆದರೆ ರಾಜ್ಯದ ಸಾವಿರಾರು ಓಣಿಗಳಲ್ಲಿ ಹೆಂಗಸರು ಪೊಲೀಸರಿಗೆ ಹೇಳದ ಮಾತನ್ನು ಇವರಿಗೆ ಹೇಳಿದರು. ಏಕೆಂದರೆ ಬಸುರಿದ್ದಾಗ ಕಾರ್ಡು ಮಾಡಿಸಿಕೊಟ್ಟವಳು, ಮಗುವಿಗೆ ಪೋಲಿಯೋ ಹನಿ ಹಾಕಿಸಿದವಳು ಇವಳೇ. ನಮ್ಮ ರಾಜ್ಯದ ಸುಮಾರು 42,000 ಆಶಾಗಳು ಆ ವರ್ಷದ ಜುಲೈಯಲ್ಲಿ ಕೆಲಸ ನಿಲ್ಲಿಸಿ ಮುಷ್ಕರ ಹೂಡಿದರು. ತಿಂಗಳಿಗೆ 12,000 ರೂಪಾಯಿ ಗೌರವಧನ ಮತ್ತು ಮೈಗೆ ತಕ್ಕಷ್ಟು ರಕ್ಷಣೆಯ ಸಾಮಗ್ರಿ, ಇದು ಅವರ ಬೇಡಿಕೆ. ಯಾರ ಮೇಲಿನ ನಂಬಿಕೆಯಿಂದ ಜನ ಬಾಗಿಲು ತೆರೆದರೋ ಆ ಹೆಂಗಸರು ಇಷ್ಟನ್ನು ಕೇಳಲು ರೋಗದ ನಡುವೆಯೇ ಬೀದಿಗೆ ಬರಬೇಕಾಯಿತು.